ಹಗೇವಿನ ಬಾಯಿ ಮುಚ್ಚಿದ ವರ್ಷ

ಹೋದ ವಾರ ನಮ್ಮ ಬೀದಿಯ ಹಿಟ್ಟಿನ ಗಿರಣಿಗೆ ರಾಗಿ ಹಿಡಿದುಕೊಂಡು ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದ ಹೆಂಗಸು ಬಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಅವಳ ಚೀಲದಲ್ಲಿ ಜೋಳವಿತ್ತು. ಗಿರಣಿಯವನು ಚೀಲದ ಬಾಯಿ ಬಿಚ್ಚಿದವನೇ ಮೂಗು ಮುರಿದು, "ಇದೇನಮ್ಮ, ಮುಗ್ಗಲು ಹಿಡಿದಿದೆ" ಎಂದ. "ಮುಗ್ಗಿಲ್ಲರಿ, ಅದು ಹಗೇವಿನ ಜ್ವಾಳ. ಅದರ ವಾಸನಿನ ಹಂಗ" ಎಂದಳು ಅವಳು. ಎಂಭತ್ತೈದರ ಮೇಲೆ ನನ್ನ ಮೂಗು ಕೈಕೊಟ್ಟಿದೆ, ಹಾಲು ಸೀದರೂ ತಿಳಿಯುವುದಿಲ್ಲ ಎಂದು ನಮ್ಮ ಸೊಸೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಆದರೆ ಆ ವಾಸನೆ ನನಗೆ ಚೆನ್ನಾಗಿ ತಿಳಿಯಿತು. ಮಣ್ಣು, ಹುಳಿ, ಹಳೇ ಹುಲ್ಲು ಮೂರೂ ಸೇರಿದ ವಾಸನೆ. ಗಿರಣಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ನೀರು ಬೇಕೇ ಎಂದು ಆ ಹೆಂಗಸೇ ಕೇಳಿದಳು.

ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ನಮ್ಮ ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷವಾಗಿತ್ತು. ನಾನು ಉಪಾಧ್ಯಾಯರ ತರಬೇತಿಯಲ್ಲಿದ್ದೆ. ಕೊನೆಯ ಮೂರು ತಿಂಗಳು ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಬೇಕು, ಕಡೆಗೆ ಪರೀಕ್ಷಕರ ಎದುರು ಒಂದು ಪಾಠ ಒಪ್ಪಿಸಬೇಕು. ಆ ಶಾಲೆಯ ದೊಡ್ಡ ಉಪಾಧ್ಯಾಯಿನಿ ನಮ್ಮ ಪಾಠದ ಪುಸ್ತಕದಲ್ಲಿ "ಯೋಗ್ಯಳು" ಎಂದು ಬರೆದು ರುಜು ಹಾಕದಿದ್ದರೆ ಇಡೀ ವರ್ಷ ನೀರಿಗೆ ಹೋದಂತೆ. ಆ ವರ್ಷ ಯಾರಿಗೆ ಏನು ಹೊಳೆಯಿತೋ, ನಮ್ಮಲ್ಲಿ ಕೆಲವರನ್ನು ಹೊಸ ಜಿಲ್ಲೆಗಳಿಗೆ ಕಳಿಸುವುದೆಂದಾಯಿತು. ನನ್ನ ಗೆಳತಿ ಲಲಿತಳಿಗೆ ಮುದ್ದೇಬಿಹಾಳ ಬಂತು, ನನಗೆ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ. ತಿಪಟೂರು ಬಿಟ್ಟು ಬೆಂಗಳೂರನ್ನೂ ಸರಿಯಾಗಿ ನೋಡದ ನನ್ನ ತಾಯಿ, ಮಗಳನ್ನು ಪರದೇಶಕ್ಕೆ ಕಳಿಸುತ್ತಿದ್ದೇವೆ ಎಂದು ಅತ್ತಳು. ತಂದೆ ಅಳಲಿಲ್ಲ. "ಒಂದು ವರ್ಷ ಕೊಟ್ಟಿದ್ದೇನೆ, ಪಾಸಾದರೆ ಕೆಲಸ, ಇಲ್ಲದಿದ್ದರೆ ನಾನು ತೋರಿಸಿದ ಗಂಡು" ಎಂದರು.

ನನ್ನಿಬ್ಬರು ಅಕ್ಕಂದಿರನ್ನು ಹದಿನಾರು ತುಂಬುವ ಮೊದಲೇ ಹೀಗೆ ತೋರಿಸಿದವರ ಕೈಗೆ ಕೊಟ್ಟಿದ್ದರು. ಅವರ ಮನೆಗಳನ್ನು ನೋಡಿದ್ದೆ. ಆದ್ದರಿಂದ ಆ ರುಜು ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈಲು, ಬಸ್ಸು, ಕಡೆಗೆ ಎತ್ತಿನ ಗಾಡಿ. ಜನವರಿ ತಿಂಗಳು. ಮೋರಟಗಿ ದಾಟಿದ ಮೇಲೆ ಎತ್ತ ನೋಡಿದರೂ ಕಪ್ಪು ನೆಲ, ಆಳೆತ್ತರದ ಜೋಳ, ಮೇಲೆ ಆಕಾಶ, ಇಷ್ಟೇ. ಒಂದು ತೆಂಗಿನ ಮರ ಕಾಣಿಸೀತೇ ಎಂದು ಕತ್ತು ಉದ್ದ ಮಾಡಿ ನೋಡಿದೆ. ಊರು ಬಂದಾಗ ಗಾಡಿಯವನು ಹೇಳಿದ ಮೇಲೇ ಅದು ಊರೆಂದು ಗೊತ್ತಾದದ್ದು. ಮನೆಗಳಿಗೆ ಹೆಂಚಿಲ್ಲ, ಮಣ್ಣಿನ ಚಪ್ಪಟೆ ಮಾಳಿಗೆ, ಗೋಡೆಗೂ ನೆಲಕ್ಕೂ ಒಂದೇ ಬಣ್ಣ. ಬಾವಿಯ ಹತ್ತಿರ ಇಬ್ಬರು ಹೆಂಗಸರು ಕೈ ಬೀಸಿ ಬೀಸಿ ಜಗಳವಾಡುತ್ತಿದ್ದರು. ಇಳಿಯಲೂ ಹೆದರಿ ಗಾಡಿಯಲ್ಲೇ ಕೂತೆ. ಆಮೇಲೆ ತಿಳಿಯಿತು, ಒಬ್ಬಳು ಇನ್ನೊಬ್ಬಳ ಮಗಳ ಬಾಣಂತನ ಹೇಗಾಯಿತೆಂದು ವಿಚಾರಿಸುತ್ತಿದ್ದಳಂತೆ.

ನನಗೆ ಗೊತ್ತುಮಾಡಿದ್ದ ಮನೆ ನೀಲವ್ವನದು. ಐವತ್ತು ದಾಟಿದ ವಿಧವೆ, ಮಗ ಮಲ್ಲಪ್ಪನೊಂದಿಗೆ ಒಕ್ಕಲುತನ ನಡೆಸುತ್ತಿದ್ದಳು. ಪಡಸಾಲೆಯ ಪಕ್ಕದ ಕೋಣೆ ನನಗೆ. ಮೊದಲ ದಿನ ತಟ್ಟೆಯಗಲದ ಎರಡು ರೊಟ್ಟಿ, ಶೇಂಗಾ ಹಿಂಡಿ, ಗುದ್ದಿದ ಹಸಿ ಈರುಳ್ಳಿ. ಅಗಿದೂ ಅಗಿದೂ ದವಡೆ ನೋಯಿತು. ಮೂರನೆಯ ದಿನ ಧೈರ್ಯ ಮಾಡಿ, "ಸ್ವಲ್ಪ ಅನ್ನ ಸಿಗುತ್ತದಾ" ಎಂದು ಕೇಳಿದೆ. ನೀಲವ್ವ ಗಾಬರಿಯಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರಾ ಬಂದಾವೇನ್ರಿ ಅಕ್ಕೋರ?"

"ಇಲ್ಲ, ಸುಮ್ಮನೆ ಕೇಳಿದೆ."

"ನಿಮ್ಮ ದೇಶದಾಗ ಮಂದಿ ಆರಾಮಿದ್ದಾಗೂ ಅನ್ನಾನ ಉಣ್ತಾರೇನ್ರಿ?" ಎಂದು ಕೇಳಿ, ಬಾವಿಗೆ ಹೋಗಿ ಆ ಸುದ್ದಿಯನ್ನು ಊರಿಗೆಲ್ಲ ಹೇಳಿ ಬಂದಳು. ಶಾಲೆಯ ಉಪಾಧ್ಯಾಯಿನಿಯರನ್ನು ಅಲ್ಲಿ ಅಕ್ಕೋರು ಎನ್ನುತ್ತಾರೆ. ನಾನು ಅಂದಿನಿಂದ ಮೈಸೂರ ದೇಶದ ಅಕ್ಕೋರು ಆದೆ. ಯಾರೂ ಹಂಗಿಸಲು ಹೇಳುತ್ತಿದ್ದುದಲ್ಲ. ನನಗಂತೂ ಒಬ್ಬಳೇ ಕೋಣೆಯಲ್ಲಿ ಕೂತು ಅಳುವುದಕ್ಕೆ ಅಷ್ಟು ಸಾಕಾಗಿತ್ತು.

ಹೆಣ್ಣುಮಕ್ಕಳ ಶಾಲೆಯಲ್ಲಿ ದೊಡ್ಡವರಾಗಿದ್ದವರು ಗಂಗಾಬಾಯಿ, ಇಂಡಿ ತಾಲ್ಲೂಕಿನ ಕಡೆಯವರು. ಬಿಳಿಯ ಸೀರೆ, ನೆಟ್ಟಗಿನ ಬೆನ್ನು, ಮುಖ ನೋಡಿಯೇ ಮಾತನಾಡುವವರು. ಮೊದಲ ವಾರ ನಾಲ್ಕನೆಯ ತರಗತಿಗೆ ಗಾಳಿಯ ಪಾಠ ಮಾಡಿದೆ. ಮೇಣದಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಬತ್ತಿ ಆರಿತು. ನಮ್ಮ ಕಡೆಯ ಮಕ್ಕಳಾಗಿದ್ದರೆ ಬಾಯಿ ತೆರೆದು ನೋಡುತ್ತಿದ್ದವು. ಇಲ್ಲಿ ಒಬ್ಬಳೂ ಮಿಸುಕಲಿಲ್ಲ. ಮುಂದಿನ ಸಾಲಿನ ಚಾಂದಬಿ ಎದ್ದುನಿಂತು, "ಹಗೇವಿನಾಗ ಕಂದೀಲ ಆರಿದಂಗ ಆತಲ್ರಿ" ಎಂದಳು.

ಹಗೇವು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಹುಡುಗಿಯ ಎದುರು, ಹಿಂದೆ ಗಂಗಾಬಾಯಿ ಕೂತಿರುವಾಗ, ಗೊತ್ತಿಲ್ಲ ಎನ್ನುವುದು ಹೇಗೆ? "ಹೌದು, ಅದೇ ರೀತಿ" ಎಂದು ತಲೆಯಾಡಿಸಿ ಮುಂದೆ ಹೋದೆ. ಗಂಗಾಬಾಯಿ ಪಾಠದ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ.

ಅದೇ ಹಗೇವಿನ ಮೇಲೆ ನಾನು ದಿನಾ ನಡೆದಾಡುತ್ತಿದ್ದೆ. ನೀಲವ್ವನ ಅಂಗಳದಲ್ಲಿ ಒಂದು ಹಾಸುಗಲ್ಲು ಇತ್ತು, ಅದರ ಮೇಲೆ ಮಣ್ಣು ಮೆತ್ತಿತ್ತು. ಫೆಬ್ರವರಿಯ ಕೊನೆಗೆ, ಹೊಸ ಜೋಳ ರಾಶಿಯಾಗುವ ಮೊದಲು, ಹಳೆಯದನ್ನು ಹೊರಗೆ ತೆಗೆಯಬೇಕೆಂದು ನೀಲವ್ವ ರಾಜೇಸಾಬನನ್ನು ಕರೆಸಿದಳು. ಅರವತ್ತರ ಹತ್ತಿರದ ಗಟ್ಟಿ ಮುದುಕ, ಚಾಂದಬಿಯ ಅಜ್ಜ. ಸುತ್ತಲಿನ ನಾಲ್ಕೈದು ಹಳ್ಳಿಗಳಲ್ಲಿ ಹಗೇವು ತೆಗೆಯಬೇಕಾದರೆ, ಹೊಸದನ್ನು ತೋಡಬೇಕಾದರೆ ಅವನೇ ಬರಬೇಕು. ಅವನ ತಂದೆ, ಅಜ್ಜ ಎಲ್ಲ ಅದೇ ಕೆಲಸದವರು. ಬೆಳಿಗ್ಗೆ ಅವನೂ ಮಲ್ಲಪ್ಪನೂ ಕಲ್ಲು ಸರಿಸಿದರು. ಕೆಳಗೆ ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಎರಡಾಳುದ್ದ ಆಳ, ಹೊಟ್ಟೆ ಅಗಲ. ಅರ್ಧದವರೆಗೆ ಜೋಳ. ಆಗಲೇ ಆ ವಾಸನೆ ಬಂದದ್ದು. ನಾನು ಸೆರಗು ಮೂಗಿಗೆ ಹಿಡಿದು, ಇಂಥ ಕೊಳಕು ಗುಂಡಿಯ ಧಾನ್ಯವನ್ನೇ ಎರಡು ತಿಂಗಳಿನಿಂದ ತಿಂದೆನಲ್ಲ ಎಂದು ಕಂಗಾಲಾಗಿ ಶಾಲೆಗೆ ಹೋದೆ. ಇದನ್ನೇಕೆ ತೆರೆದಿಟ್ಟಿದ್ದೀರಿ ಎಂದು ಒಂದು ಮಾತು ಕೇಳಬಹುದಿತ್ತು. ಒಮ್ಮೆ ಗೊತ್ತಿದೆ ಎಂದವಳು ಮತ್ತೆ ಕೇಳುವುದು ಹೇಗೆ ಎಂದು ಕೇಳಲಿಲ್ಲ.

ಸಂಜೆ ಬಂದು ನೋಡಿದರೆ ಗುಂಡಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿದೆ. ಸುತ್ತ ಎರಡು ಜಾಲಿ ಮುಳ್ಳಿನ ಟೊಂಗೆ ಎಳೆದಿದ್ದಾರೆ, ಅಷ್ಟೇ. ಪಕ್ಕದ ಮನೆಯ ಎರಡು ವರ್ಷದ ಕೂಸು ಆ ಮುಳ್ಳಿನ ಹತ್ತಿರವೇ ಮಣ್ಣಲ್ಲಿ ಆಡುತ್ತಿತ್ತು. ಕೂಸನ್ನು ಎತ್ತಿ ಅದರ ತಾಯಿಗೆ ಕೊಟ್ಟೆ, ಅವಳು ನಕ್ಕು ಸುಮ್ಮನಾದಳು. ನೀಲವ್ವ ಮಠಕ್ಕೆ ಹೋಗಿದ್ದಳು, ಮಲ್ಲಪ್ಪ ಹೊಲದಲ್ಲಿ. ಎಂಥ ಅಜಾಗರೂಕ ಜನ ಎಂದುಕೊಂಡು, ದನದ ಕೊಟ್ಟಿಗೆಗೆ ಒರಗಿಸಿದ್ದ ಹಳೇ ಬಾಗಿಲ ಹಲಗೆ ಎಳೆದು ತಂದು ಬಾಯಿಗೆ ಹಾಕಿದೆ. ಸಂದಿಯಲ್ಲಿ ಮಗುವಿನ ಕಾಲು ಸಿಕ್ಕೀತೆಂದು ಗೋಣಿಚೀಲಗಳನ್ನು ಮಡಿಸಿ ಸುತ್ತ ತುರುಕಿದೆ. ಮುಳ್ಳನ್ನು ಮತ್ತೆ ಎಳೆದು ಮುಚ್ಚಿದೆ. ಕೈ ತೊಳೆದುಕೊಂಡು ಕೂತು ತಂದೆಗೆ ಕಾಗದ ಬರೆದೆ: ಇಲ್ಲಿಯವರಿಗೆ ಮಕ್ಕಳ ಮೇಲೆ ಗಮನವಿಲ್ಲ, ಕಲಿಸಬೇಕಾದ್ದು ಬಹಳ ಇದೆ ಎಂದು. ಆ ಸಾಲು ಅಕ್ಷರಶಃ ನೆನಪಿದೆ, ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ನೀಲವ್ವ, ಮಲ್ಲಪ್ಪ ಮರಳಿದಾಗ ಕತ್ತಲಾಗಿತ್ತು, ಮುಳ್ಳಿನಡಿಯ ಹಲಗೆ ಅವರಿಗೆ ಕಾಣಲಿಲ್ಲ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದೆ. ಹಲಗೆ ಮುಟ್ಟಿದ್ದಕ್ಕೆ ನೀಲವ್ವ ಬೈದಾಳು ಎಂಬ ಅಂಜಿಕೆ. ಹಲಗೆಯನ್ನು ಕೊಟ್ಟಿಗೆಗೆ ಒರಗಿಸಿ, ಚೀಲ ಕೊಡವಿ ಇದ್ದಲ್ಲಿ ಇಟ್ಟು, ನೀರಿಗೆ ಹೋದೆ. ನಾನು ಬರುವಷ್ಟರಲ್ಲಿ ರಾಜೇಸಾಬ ಬಂದು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ.

"ಕಂದೀಲ ಇಳಸೂದಿಲ್ಲೇನು ರಾಜೇಸಾಬ?" ಎಂದಳು ನೀಲವ್ವ.

"ನಿನ್ನೆ ಮುಂಜಾನಿಯಿಂದ ಬಾಯಿ ತಕ್ಕೊಂಡು ಕುಂತೈತಿ ನೀಲವ್ವಾ. ರಾತ್ರಿ ಗಾಳಿನೂ ಜೋರಿತ್ತು. ಒಳಗ ಇನ್ನೇನ ಉಳಿದಿರತೈತಿ?" ಎಂದು ಇಳಿದ.

"ಬುಟ್ಟಿ ಬಿಡ್ರಿ" ಎಂಬ ಕೂಗು ಕೇಳಿಸಿತು. ಮಲ್ಲಪ್ಪ ಬುಟ್ಟಿ ಬಿಟ್ಟ. ಆಮೇಲೆ ಸದ್ದಿಲ್ಲ. ಮಲ್ಲಪ್ಪ ಬಗ್ಗಿ "ಕಾಕಾ" ಎಂದ. ಇನ್ನೊಮ್ಮೆ ಕೂಗಿದ. ಹಗ್ಗ ಸಡಿಲವಾಗಿ ಜೋತಾಡಿತು. ಅವನು ಒಳಗೆ ಕಾಲಿಡುವಷ್ಟರಲ್ಲಿ ನೀಲವ್ವ ಹಿಂದಿನಿಂದ ಅವನ ಧೋತರ ಹಿಡಿದು ಜಗ್ಗಿದಳು. "ನೀ ಇಳದರ ಇಬ್ಬರೂ ಹೋಗ್ತೀರಿ, ಹಗ್ಗ ಹಿಡಿ" ಎಂದು ಒದರಿದಳು. ದಾರಿಯಲ್ಲಿ ಹೊರಟಿದ್ದವರೆಲ್ಲ ಓಡಿಬಂದರು. ನಾಲ್ಕು ಜನ ಎಳೆದರು. ಮೇಲೆ ಬಂದ ಮುಖದ ಬಣ್ಣ ನೋಡಿ ನನ್ನ ಕೈಯಿಂದ ಕೊಡ ಬಿತ್ತು. ಕಣ್ಣು ಮೇಲಾಗಿದ್ದವು, ತುಟಿ ನೇರಳೆಯಾಗಿತ್ತು, ಗಡ್ಡದ ತುಂಬ ಜೋಳದ ಕಾಳು. ಗಾಳಿ ಬೀಸುವ ಕಡೆ ಮಲಗಿಸಿ ಎದೆ ತಿಕ್ಕಿದರು, ಕಂಬಳಿಯಿಂದ ಬೀಸಿದರು, ಮುಖಕ್ಕೆ ನೀರು ಹೊಡೆದರು. ಎಷ್ಟು ಹೊತ್ತು ಎಂದು ನನಗೆ ಹೇಳಲಾಗದು. ಕೊನೆಗೆ ಒಂದು ಕೆಮ್ಮು ಬಂತು. ಗುಂಪಿನ ಹಿಂದೆ ಚಾಂದಬಿ ನಿಂತಿದ್ದಳು, ಶಾಲೆಗೆಂದು ಜಡೆ ಹಾಕಿಸಿಕೊಂಡು ಬಂದಿದ್ದವಳು.

ಅವನನ್ನು ಮನೆಗೆ ಹೊತ್ತೊಯ್ದ ಮೇಲೆ ನೀಲವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ನಾನು ಪಕ್ಕದಲ್ಲಿ ಕೂತೆ. ಆಗ ಅವಳು ನನಗೆ ಹೇಳಿದಳು, ಕೇಳದೆಯೇ ಹೇಳಿದಳು. "ಮುಚ್ಚಿದ ಹಗೇವಿನಾಗ ಜ್ವಾಳ ಉಸಿರು ಬಿಟ್ಟು ಬಿಟ್ಟು ಗಾಳಿ ಕೆಟ್ಟಿರತೈತ್ರಿ ಅಕ್ಕೋರ. ಅದಕ್ಕ ಒಂದು ಹಗಲು ಒಂದು ರಾತ್ರಿ ಬಾಯಿ ತೆರದು ಬಿಡೂದು. ನಮ್ಮ ಅತ್ತಿ ಕಾಲದಿಂದ ಹಿಂಗ ಮಾಡೇವಿ, ಏನೂ ಆಗಿಲ್ಲ. ಇವತ್ತ ಯಾಕ ಹಿಂಗಾತು?"

ಕೊಟ್ಟಿಗೆಗೆ ಒರಗಿಸಿದ್ದ ಹಲಗೆಯನ್ನೇ ನೋಡುತ್ತಿದ್ದೆ. ಹೇಳಬೇಕಿತ್ತು. ಹೇಳಿದರೆ ಊರೇನೆಂದೀತು, ಗಂಗಾಬಾಯಿ ಏನೆಂದಾರು, ಆ ರುಜು, ತಂದೆ ತೋರಿಸುವ ಗಂಡು, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು. ನಾನು ಎದ್ದು ಶಾಲೆಗೆ ಹೋದೆ.

ರಾಜೇಸಾಬ ಬದುಕಿದ, ಆದರೆ ಅವನ ಹೆಸರು ಕೆಟ್ಟಿತು. "ವಯಸ್ಸಾತು, ಕಂದೀಲ ಇಳಸೂದೂ ನೆನಪಿಲ್ಲ" ಎಂದು ಬಾವಿಕಟ್ಟೆಯಲ್ಲಿ ಮಾತು. ಗೌಡರ ಮನೆಯವರು ತಮ್ಮ ಹಗೇವಿಗೆ ಮೋರಟಗಿಯಿಂದ ಬೇರೆಯವನನ್ನು ಕರೆಸುತ್ತಾರಂತೆ ಎಂದು ಸುದ್ದಿಯಾಯಿತು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಅವನ ಮನೆ. ಸುತ್ತಿದ ಹಗ್ಗವನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ನನ್ನನ್ನು ಕಂಡರೆ ಎದೆಗೆ ಕೈಹಚ್ಚಿ, "ಆರಾಮರಿ ಅಕ್ಕೋರ?" ಎನ್ನುತ್ತಿದ್ದ. ನಾನು ಬೇರೆ ಓಣಿ ಹಿಡಿದು ಹೋಗಲು ಶುರುಮಾಡಿದೆ. ಹದಿನಾಲ್ಕು ದಿನ ಹೀಗೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ಅದೇ ಹಗೇವಿನ ಜೋಳದ ರೊಟ್ಟಿ. ನೀಲವ್ವ ಮತ್ತೆ ಹಣೆ ಮುಟ್ಟಿ ನೋಡಿ, ಈ ಸಲ ತಾನಾಗಿಯೇ ಎಲ್ಲಿಂದಲೋ ಅಕ್ಕಿ ತಂದು ಅನ್ನ ಮಾಡಿ ಹಾಕಿದಳು. ಅದನ್ನು ಉಣ್ಣುವುದು ಇನ್ನೂ ಕಷ್ಟವಾಯಿತು.

ಕೊನೆಯ ಪಾಠಕ್ಕೆ ಯಾವ ವಿಷಯ ಎಂದು ಗಂಗಾಬಾಯಿಯವರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಗಾಳಿದು ಮಾಡ್ರಿ. ಅದು ನಿಮಗ ಬಂದಿಲ್ಲ, ಅದನ್ನ ಮಾಡ್ರಿ."

ಪರೀಕ್ಷಕರು ಬಸವನ ಬಾಗೇವಾಡಿಯಲ್ಲಿ ಇನ್ನೊಬ್ಬರ ಪಾಠ ನೋಡಿ ಬಂದವರು, ಧೂಳಾದ ಕೋಟು, ದಣಿದ ಮುಖ. ಹಿಂದಿನ ಬೆಂಚಿನಲ್ಲಿ ಗಂಗಾಬಾಯಿಯವರ ಪಕ್ಕ ಕೂತರು. ನಾನು ಮೇಣದಬತ್ತಿ ಹಚ್ಚಿ, ಲೋಟ ಬೋರಲು ಹಾಕಿದೆ. ಆರಿತು. ಲೋಟ ತೆಗೆದಿಟ್ಟು ಹಚ್ಚಿದೆ, ಉರಿಯಿತು. ಬಾಯಿಪಾಠ ಮಾಡಿದ್ದ ಮಾತುಗಳು ತಪ್ಪಿಲ್ಲದೆ ಬರುತ್ತಿದ್ದವು. ತೆರೆದಿಟ್ಟರೆ ಹೊಸ ಗಾಳಿ ಬರುತ್ತದೆ, ಮುಚ್ಚಿದರೆ ಕೆಟ್ಟ ಗಾಳಿ ಉಳಿಯುತ್ತದೆ ಎಂದೆ. ಏನಾದರೂ ಕೇಳುವುದಿದೆಯೇ ಎಂದೆ. ಪುಸ್ತಕದಲ್ಲಿ ಹಾಗೆ ಕೇಳಬೇಕೆಂದಿತ್ತು.

ಚಾಂದಬಿ ಎದ್ದಳು. ಆ ಹದಿನಾಲ್ಕು ದಿನ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

"ಅಕ್ಕೋರ, ನೀಲವ್ವಾಯಿ ಹಗೇವು ರಾತ್ರೆಲ್ಲಾ ತೆರದಿತ್ತರಿ. ನಮ್ಮ ಮುತ್ಯಾನ ತೆರದು ಬಂದಿದ್ದ. ಹೊಸಾ ಗಾಳಿ ಯಾಕ ಬರಲಿಲ್ಲರಿ?"

ಅವಳಿಗೆ ಅದು ಪಾಠದ ಪ್ರಶ್ನೆಯಾಗಿರಲಿಲ್ಲ. ಅಜ್ಜನ ಮೇಲೆ ಊರು ಹೊರಿಸಿದ ತಪ್ಪನ್ನು ಇಳಿಸುವ ದಾರಿಯೊಂದು ಮೈಸೂರ ದೇಶದ ಅಕ್ಕೋರ ಹತ್ತಿರ ಇದ್ದೀತೆಂದು ನಿಂತಿದ್ದಳು. ನನ್ನ ಹತ್ತಿರ ಉತ್ತರಗಳಿದ್ದವು. ಒಮ್ಮೊಮ್ಮೆ ಹಾಗಾಗುತ್ತದೆ ಎನ್ನಬಹುದಿತ್ತು, ರಾತ್ರಿ ಗಾಳಿ ಇರಲಿಲ್ಲ ಎನ್ನಬಹುದಿತ್ತು. ಪರೀಕ್ಷಕರು ಒಪ್ಪಿಕೊಂಡು ಅಂಕ ಹಾಕುತ್ತಿದ್ದರು. ಮೇಜಿನ ಮೇಲೆ ಬತ್ತಿ ಉರಿಯುತ್ತಲೇ ಇತ್ತು. ಲೋಟವನ್ನು ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ.

"ಯಾಕೆಂದರೆ ಅದು ತೆರೆದಿರಲಿಲ್ಲ, ಚಾಂದಬಿ. ಸಂಜೆ ನಾನು ಹಲಗೆ ಹಾಕಿ ಮುಚ್ಚಿದೆ. ಬೆಳಿಗ್ಗೆ ಯಾರೂ ನೋಡುವ ಮೊದಲು ತೆಗೆದೆ. ಮಕ್ಕಳು ಬೀಳುತ್ತಾರೆ ಅಂದುಕೊಂಡೆ. ಹಗೇವು ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಅಂತ ಅವತ್ತು ನಿನಗೆ ಸುಳ್ಳು ಹೇಳಿದೆ. ನಿಮ್ಮ ಮುತ್ಯಾನದು ಏನೂ ತಪ್ಪಿಲ್ಲ."

ಚಾಂದಬಿ ನನ್ನನ್ನು ನೋಡಿದಳು, ಪಾಟಿ ಅಲ್ಲೇ ಬಿಟ್ಟು ಬಾಗಿಲು ದಾಟಿ ಓಡಿದಳು. ಪರೀಕ್ಷಕರಿಗೆ ಏನೂ ಅರ್ಥವಾಗದೆ ಗಂಗಾಬಾಯಿಯವರ ಮುಖ ನೋಡಿದರು. ಗಂಗಾಬಾಯಿ, "ಪಾಠ ಮುಗಸ್ರಿ" ಎಂದರು. ಹೇಗೆ ಮುಗಿಸಿದೆನೋ ತಿಳಿಯದು.

ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ನೀಲವ್ವ ಅಂದು ನನ್ನ ಜೊತೆ ಮಾತಾಡಲಿಲ್ಲ. ರೊಟ್ಟಿ ಮಾತ್ರ ಎಂದಿನಂತೆ ತಟ್ಟೆಗೆ ಬಂತು. ಪೆಟ್ಟಿಗೆಯಲ್ಲಿ ಸೀರೆ ಮಡಿಸಿಡುತ್ತಿದ್ದೆ, ನಾಳೆಯೇ ಹೊರಡಬೇಕಾದೀತೆಂದು. ಸಂಜೆಗೆ ಅಂಗಳದಲ್ಲಿ ಕೆಮ್ಮು ಕೇಳಿಸಿತು. ರಾಜೇಸಾಬ. ಹೆಗಲ ಮೇಲೆ ಹಗ್ಗ, ಕೈಯಲ್ಲಿ ಕಂದೀಲು. ಬಾಗಿಲಲ್ಲಿ ನಿಂತೆ, ಕಾಲು ಹಿಡಿಯಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಅಳು ಬಂತು.

"ಮಕ್ಕಳು ಬೀಳ್ತಾವಂತ ಮುಚ್ಚಿದ್ರೇನ್ರಿ?" ಎಂದ.

"ಹೌದು."

"ನಮ್ಮ ಮಕ್ಕಳು ಹಗೇವಿನಾಗ ಬೀಳೂದಿಲ್ರಿ. ಅವಕ್ಕ ಗೊತ್ತೈತಿ. ಬೀಳೂ ಮಂದಿ ನಾವು." ಕಂದೀಲನ್ನು ಹೊಸ್ತಿಲ ಮೇಲಿಟ್ಟ. "ಕಂದೀಲ ಇಳಸದ ಇಳದದ್ದು ನಂದೂ ತಪ್ಪ ಐತ್ರಿ. ನಮ್ಮಪ್ಪ ಇದ್ದಿದ್ರ ಬಾರಕೋಲ ತಗೊಂಡು ಹೊಡೀತಿದ್ದ. ಆದ್ರ ಊರ ಮಂದಿ ಹೇಳಿದಂಗ ನಂಗ ಅರಳುಮರಳು ಹಿಡಿದಿಲ್ಲಂತ ಇವತ್ತ ಗೊತ್ತಾತು. ಹದಿನಾಕು ದಿನಾ ನಾನೂ ಹಂಗ ತಿಳಕೊಂಡಿದ್ದೆ."

ಆ ಕೊನೆಯ ಮಾತು ನನ್ನನ್ನು ಹೊಡೆದಷ್ಟು ಬೇರಾವ ಮಾತೂ ಹೊಡೆದಿಲ್ಲ. ಊರು ಅವನನ್ನು ಅನುಮಾನಿಸಿದ್ದು ನನಗೆ ಗೊತ್ತಿತ್ತು. ಅವನೇ ತನ್ನನ್ನು ಅನುಮಾನಿಸಿಕೊಂಡು ಆ ಕಟ್ಟೆಯ ಮೇಲೆ ಕೂತಿದ್ದ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಗೌಡ್ರು ಈಗ ಹೇಳಿ ಕಳಿಸ್ಯಾರ್ರಿ" ಎಂದ. "ಇವತ್ತ ಮಧ್ಯಾನ ಅವರ ಹಗೇವು ತೆರದಾರ, ನಾಳಿ ಮುಂಜಾನಿನ ಇಳೀಬೇಕಂತ. ನೀವೂ ಬರ್ರಿ. ಕಂದೀಲ ನೀವ ಇಳಸಬೇಕು."

"ನನ್ನನ್ನು ನಂಬಿ ಹೇಗೆ ಇಳಿಯುತ್ತೀರಿ?" ಎಂದೆ.

"ಅದಕ್ಕ ಕರ್ಯಾಕ ಬಂದೇನ್ರಿ" ಎಂದು ಹೊರಟ.

ಮರುದಿನ ಬೆಳಿಗ್ಗೆ ಗೌಡರ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಅದು ನಾನು ಪರೀಕ್ಷೆ ಪಾಸಾದ ದಿನವಲ್ಲ. ಪಾಸಾದದ್ದು ಆಮೇಲೆ ಬಂದ ಕಾಗದದಿಂದ ತಿಳಿಯಿತು. ಗಂಗಾಬಾಯಿ "ಯೋಗ್ಯಳು" ಎಂದಷ್ಟೇ ಬರೆದು ರುಜು ಹಾಕಿದ್ದರು, ಪರೀಕ್ಷಕರು ತೇರ್ಗಡೆಗೆ ಬೇಕಾದಷ್ಟೇ ಅಂಕ ಕೊಟ್ಟಿದ್ದರು. ಮೂವತ್ತಾರು ವರ್ಷ ಪಾಠ ಮಾಡಿದೆ. ಆದರೆ ನನಗೆ ನೆನಪಿರುವುದು ಆ ಅಂಗಳ. ಮಂಡಿಯೂರಿ ಕೂತು, ಕಂದೀಲಿಗೆ ಕಟ್ಟಿದ ಹಗ್ಗವನ್ನು ಮೆಲ್ಲಗೆ ಸಡಿಲಿಸುತ್ತ ಇಳಿಸಿದೆ. ಪಕ್ಕದಲ್ಲಿ ನೀಲವ್ವ ನನ್ನ ಸೆರಗು ಬಿಗಿಯಾಗಿ ಹಿಡಿದಿದ್ದಳು, ಎರಡನೆಯ ದಿನವೂ ಮಾತಿಲ್ಲದೆ. ಎದುರಿಗೆ ಚಾಂದಬಿ ಬೋರಲು ಮಲಗಿ ಒಳಗೆ ನೋಡುತ್ತಿದ್ದಳು. ರಾಜೇಸಾಬ ಸೊಂಟಕ್ಕೆ ಹಗ್ಗ ಬಿಗಿದು, ಹಗೇವಿನ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಕಂದೀಲು ಆಳು ಉದ್ದ ಇಳಿಯಿತು, ಉರಿಯುತ್ತಿತ್ತು. ಇನ್ನಷ್ಟು ಇಳಿಸಿದೆ. ಉರಿ ಸಣ್ಣದಾಯಿತು, ನೀಲಿಯಾಯಿತು, ಆರಿತು.

"ಉರಿಯಾಕತ್ತೈತೇನ್ರಿ ಅಕ್ಕೋರ?"

ಗೌಡರ ಆಳುಗಳು ಬುಟ್ಟಿ ಹಿಡಿದು ಕಾಯುತ್ತಿದ್ದರು, ಗಾಡಿ ಹೂಡಿ ನಿಂತಿತ್ತು. ನಾನು ತಲೆ ಎತ್ತಿದೆ.

"ಇಲ್ಲ. ಇವತ್ತು ಬೇಡ, ನಾಳೆ ನೋಡೋಣ."

ರಾಜೇಸಾಬ ಸೊಂಟದ ಹಗ್ಗ ಬಿಚ್ಚಿ, ಸುತ್ತಿ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಮರಳಿ ಕೇಳದೆ ಮನೆಗೆ ಹೋದ.